ನೀರುಗಂಟಿಯ ಸರದಿ

ಬಿಟಿಎಂ ಲೇಔಟ್
೧೨ ಸೆಪ್ಟೆಂಬರ್ ೨೦೦೩

ಬೈರಣ್ಣ ಅಂಕಲ್‌ಗೆ ನಮಸ್ಕಾರ.

ಮಗಳ ಮನೇಲಿ ಮೊಮ್ಮಗಳನ್ನ ಆಡಿಸ್ಕೊಂಡು ಚೆನ್ನಾಗಿದ್ದೀರಿ ಅಂದ್ಕೊಂಡಿದ್ದೀನಿ.

ಅಂಕಲ್, ನಮ್ಮ ಸಂಜೆಶಾಲೆಯ ಖರ್ಚಿನ ವರದಿ ಈ ಸಲ ಕೊನೇ ತಾರೀಖಿಗಿಂತ ನಾಲ್ಕು ದಿನ ಮೊದ್ಲೇ ಹೋಯ್ತು! ಇನ್ನೊಂದು ಸಲ ತಡವಾದ್ರೆ ಅನುದಾನ ನಿಲ್ಲಿಸ್ತೀವಿ ಅಂತ ಬಂದಿದ್ದ ಕಾಗದ ನಿಮಗೆ ಓದಿ ಹೇಳಿದ್ದೆನಲ್ಲ. "ಎಲ್ರಿಗೂ ಒಂದೇ ಕೊನೇ ದಿನ ಹೇಳಿದ್ರೆ ಯಾರಮ್ಮ ಏಳ್ತಾರೆ? ಒಬ್ಬೊಬ್ರಿಗೂ ಅವರವರ ಸರದಿ ಹಾಕು" ಅಂದಿದ್ರಿ. ಕೆರೆ ನೀರನ್ನ ಗದ್ದೆಗದ್ದೆಗೂ ಸರದಿ ಪ್ರಕಾರ ಬಿಡ್ತಿದ್ದ ನೀರುಗಂಟಿ ನೀವು. ಹಾಗೇ ಮಾಡಿದ್ವಿ. ಗೋಡೆ ಮೇಲೆ ಸೀಮೆಸುಣ್ಣದಲ್ಲಿ ಬಿಲ್ಲು ಕೊಡೋರಿಗೆ ಐದು, ವರದಿ ಬರೆಯೋ ನನಗೆ ಎಂಟು, ಡೈರೆಕ್ಟರ್ ಸಹಿಗೆ ಹತ್ತನೇ ತಾರೀಖು. ದಿನಾ ಬೆಳಿಗ್ಗೆ ಮಹಡಿಯಿಂದ ಇಳಿದು "ಇವತ್ತು ಯಾರ ಸರದಿ?" ಅಂತ ಕೂಗ್ತಿದ್ರಿ. ನೀವು ಮಗಳ ಮನೆಗೆ ಹೋದ ಮೇಲೆ, ಮಹಡಿ ಮನೇಲೇ ಉಳಿದ ನಿಮ್ಮ ನಾರಾಯಣಮ್ಮ ಆಂಟಿ ಕೂಗಿದ್ರು. ಅವರ ದನಿಗೆ ಡೈರೆಕ್ಟರ್ ಮಧುಮತಿ ಮೇಡಂ ಕಾಫಿ ಅಲ್ಲೇ ಬಿಟ್ಟು ಓಡಿ ಬಂದು ಸಹಿ ಹಾಕಿದ್ರು!

ಈಗೊಂದು ಕೆಲಸ ಇದೆ. ತಾರೀಖು ನೋಡ್ಕೊಳ್ಳೋರು ಯಾರು, ಅವರ ಹುದ್ದೆ ಏನು ಅಂತ ಅನುದಾನದ ಹೊಸ ಫಾರಂನಲ್ಲಿ ಕೇಳಿದ್ದಾರೆ. ಎಲ್ರೂ ಸೇರಿ ನಿಮ್ಮ ಹೆಸರು ಹಾಕಿದ್ದೀವಿ. ಗದ್ದೆಯೆಲ್ಲ ಸೈಟಾದ ಮೇಲೆ ಆ ಕೆಲಸಾನೇ ಹೋಯ್ತು ಅಂತಿದ್ರಲ್ಲ, ಹುದ್ದೆ ಅನ್ನೋ ಕಡೆ "ನೀರುಗಂಟಿ" ಅಂತ ದಪ್ಪಕ್ಷರದಲ್ಲಿ ಬರೆದಿದ್ದೀನಿ.

ನಿಮ್ಮ ಸಹಿಗೆ ಗೋಡೆ ಮೇಲೆ ಇಪ್ಪತ್ತನೇ ತಾರೀಖು ಹಾಕಿದೆ. ತಡ ಮಾಡ್ಬೇಡಿ ಅಂಕಲ್. ನಿಮ್ಮ ಸರದಿ ಕೂಗೋಕೆ ಬಾಗಿಲಲ್ಲಿ ಆಂಟಿ ನಿಂತಿದ್ದಾರೆ.

ಇಂತಿ,
ಕೆಳಗಿನ ಆಫೀಸಿನ ಭಾಗ್ಯಜ್ಯೋತಿ