ಬಲಬದಿಯ ಪಾಠ

ತಿಕೋಟಾ,
ಸೋಮವಾರ

ಜಲನಗರದ ಡ್ರೈವಿಂಗ್ ಮಾಸ್ತರ ಅರುಣಕುಮಾರ ಅವರಿಗೆ,

ನಾನು ನಿಮ್ಮ ಶಿಷ್ಯ ನಿಜಾಮುದ್ದೀನರ ಹೆಂಡತಿ. ಓಮಾನಿಗೆ ಹೊರಡುವ ಮುಂಚೆ ಅವರು, ಅಲ್ಲಿ ರಸ್ತೆಯ ಬಲಬದಿಗೆ ಗಾಡಿ ಓಡಿಸುತ್ತಾರಂತೆ, ಅದನ್ನೂ ಕಲಿಸಿ ಎಂದು ನಿಮ್ಮನ್ನು ಕೇಳಿದ್ದರು. "ಹೋದ ಮ್ಯಾಲ ತಾನ ಬರತೈತಿ ತಗೋ, ಸ್ಟೇರಿಂಗ್ ಎಲ್ಲಾ ಕಡೆ ದುಂಡಗ ಇರತೈತಿ" ಎಂದಿರಿ. ಆ ಜಾಣತನದ ಫಲ ಹೇಳುತ್ತೇನೆ, ಕೇಳಿ.

ಅಲ್ಲಿಗೆ ಹೋದ ಮೂರನೆಯ ದಿನ ಪೆಟ್ರೋಲ್ ಪಂಪಿನಿಂದ ಖಾಲಿ ರಸ್ತೆಗೆ ಇಳಿದವರು ರೂಢಿಯಂತೆ ಎಡಬದಿಯನ್ನೇ ಹಿಡಿದರು. ಎದುರಿಗೆ ವ್ಯಾನು ಬಂತು. ಅದರಲ್ಲಿದ್ದ ತಾಯಿ, ಮಕ್ಕಳು ಉಳಿದರು. ಇವರ ಸೊಂಟ ಮುರಿಯಿತು. ಆ ಮಕ್ಕಳ ತಂದೆ ಆಸ್ಪತ್ರೆಗೆ ಬಂದು, ನಿನಗೆ ಗಾಡಿ ಕಲಿಸಿದವರು ಯಾರು ಎಂದು ಕೇಳಿದರಂತೆ. ಇವರು ನಿಮ್ಮ ಹೆಸರು ಹೇಳಲಿಲ್ಲ, ತಪ್ಪು ತನ್ನದೇ ಎಂದರು. ಇಂಥ ಮನುಷ್ಯನಿಗೆ ನೀವು ಗುರು.

ನಿಡೋಣಿಯ ಇಬ್ಬರು ಈಗ ನಿಮ್ಮಲ್ಲಿ ಕಲಿತು ಅದೇ ದೇಶಕ್ಕೆ ಹೊರಟಿದ್ದಾರೆಂದು ಕೇಳಿದೆ. ಅವರನ್ನು ಶುಕ್ರವಾರ ನಮ್ಮ ಮನೆಗೆ ಕಳಿಸಿ. ಊರಿಗೆ ಮರಳಿರುವ ಇವರು ಕೋಲೂರಿಕೊಂಡು ಅಂಗಳದಲ್ಲಿ ಸುಣ್ಣದಿಂದ ರಸ್ತೆ ಬರೆದಿದ್ದಾರೆ. "ರಸ್ತಾಕ್ಕ ಇಳಿಯೋ ಮುಂದ ಮದಲ ಎಡಕ್ಕ ನೋಡ್ರಿ, ಅಲ್ಲಿ ಗಾಡಿ ಮದಲ ಆ ಕಡೆಯಿಂದ ಬರತಾವ" ಎಂಬಲ್ಲಿಂದ ಪಾಠ ಶುರುವಾಗುತ್ತದೆ.

ನೀವೂ ಬರಬಹುದು. ಬರುವಾಗ ಒಂದು ನೋಟುಬುಕ್ಕು ತನ್ನಿ.

ಇಂತಿ,
ರುಕ್ಸಾರ