ಗ್ರಹಣಕ್ಕೂ ಮುಂಚೆ ಆದದ್ದು

ದೊಡ್ಡಬಳ್ಳಾಪುರ
12-1-1996

ಅಮ್ಮನಿಗೆ ಅರುಣಾಳ ನಮಸ್ಕಾರ.

ನಿನ್ನ ಕಾಗದ ಮೊನ್ನೆ ತಲುಪಿತು. ಓದಿ ಕೋಪ ಬಂತು, ಅದಕ್ಕೇ ಸ್ವಲ್ಪ ಆರಲಿ ಅಂತ ಇವತ್ತು ಬರೆಯುತ್ತಿದ್ದೇನೆ. ಎರಡನ್ನೂ ತೆಗೆಸಿಬಿಡು, ವಯಸ್ಸಿದೆ, ಮುಂದೆ ಆಗುತ್ತೆ ಅಂದಿದ್ದೀಯ. ಉಪ್ಪಿನಕಾಯಿ ಕೆಟ್ಟರೆ ಜಾಡಿ ತೊಳೆದು ಬೇರೆ ಹಾಕಿದ ಹಾಗೆ ಅಂದುಕೊಂಡೆಯಾ?

ಬೆಂಗಳೂರಿನಲ್ಲಿ ಸ್ಕ್ಯಾನಿಂಗ್ ಮಾಡಿದ ಡಾಕ್ಟರಮ್ಮ ಹೇಳಿದ್ದನ್ನು ಇನ್ನೊಮ್ಮೆ ಬಿಡಿಸಿ ಬರೆಯುತ್ತೇನೆ. ಹೊಟ್ಟೆಯಲ್ಲಿ ಅವಳಿ. ಒಂದು ಚೆನ್ನಾಗಿದೆ. ಇನ್ನೊಂದಕ್ಕೆ ತಲೆಬುರುಡೆ ಕಟ್ಟಿಲ್ಲ, ಮೆದುಳು ಬೆಳೆದಿಲ್ಲ, ಹುಟ್ಟಿದರೂ ಉಳಿಯುವುದಿಲ್ಲ. ಅದೊಂದನ್ನೇ ತೆಗೆಯಲು ಇಲ್ಲಿ ಆಗುವುದಿಲ್ಲವಂತೆ, ತೆಗೆದರೆ ಎರಡೂ ಹೋಗುತ್ತವೆ. ಇಟ್ಟುಕೊಂಡರೆ ಗರ್ಭದ ನೀರು ಹೆಚ್ಚಾಗಿ ದಿನ ತುಂಬುವ ಮೊದಲೇ ನೋವು ಬರಬಹುದು, ಆಗ ಚೆನ್ನಾಗಿರುವುದಕ್ಕೂ ಕಷ್ಟ. ನಾನು ಇಟ್ಟುಕೊಳ್ಳುತ್ತೇನೆ ಅಂದೆ. ನಿನ್ನ ಅಳಿಯನೂ ಒಪ್ಪಿದರು. ಚೊಚ್ಚಲ ಹೆರಿಗೆ ತವರಿನಲ್ಲೇ ಅಂತ ನೀನು ಹಠ ಮಾಡಬೇಡ, ಅದು ಬೆಂಗಳೂರಿನ ಆಸ್ಪತ್ರೆಯಲ್ಲೇ ಆಗಬೇಕು.

ದೀಪಾವಳಿ ಅಮಾವಾಸ್ಯೆಯ ಗ್ರಹಣದಲ್ಲಿ ಏನಾದರೂ ಕತ್ತರಿಸಿದೆಯಾ ಅಂತ ಕೇಳಿದ್ದೀಯ. ಕತ್ತರಿಸಿದೆ. ಆವತ್ತು ಕೂಲಿಯವರು ಬಂದಿರಲಿಲ್ಲ. ಮಗ್ಗದಲ್ಲಿದ್ದದ್ದು ಮದುವೆ ಸೀರೆ, ಸಂಜೆಯೊಳಗೆ ಕೊಡಬೇಕಿತ್ತು, ಹಾಸಿನ ಎಳೆಗಳು ಕಡಿದಿದ್ದವು. ಅತ್ತೆಗೆ ಕಣ್ಣು ಮಂಜು. ಬಾಗಿಲು ಕಿಟಕಿ ಮುಚ್ಚಿದರೆ ದೋಷ ಒಳಗೆ ಬರುವುದಿಲ್ಲ ಅಂತ ಅವರೇ ನನ್ನನ್ನು ಕೂಗಿದರು. ನಾನು ಎಳೆಗಳಿಗೆ ಗಂಟು ಹಾಕಿ ತುದಿ ಕತ್ತರಿಸಿದೆ.

ಸ್ಕ್ಯಾನಿಂಗ್ ಆದಾಗಿನಿಂದ ಅತ್ತೆ ನನ್ನ ಮುಖ ನೋಡುತ್ತಿರಲಿಲ್ಲ. ನನ್ನ ಮೇಲೆ ಸಿಟ್ಟು ಅಂದುಕೊಂಡಿದ್ದೆ. ನಿನ್ನೆ ತಟ್ಟೆಗೆ ಮುದ್ದೆ ಹಾಕುತ್ತಾ, "ನಾನೇ ಕಣಮ್ಮ ನಿನ್ನ ಕರ್ದಿದ್ದು. ಆ ಮಗೀಗೆ ಹಿಂಗಾಗಿದ್ದು ನನ್ನಿಂದ್ಲೇ" ಅಂತ ಅತ್ತುಬಿಟ್ಟರು. ಡಾಕ್ಟರಮ್ಮ ಹೇಳಿದ್ದನ್ನೇ ಅವರಿಗೂ ಹೇಳಿದೆ. ತಲೆ ಕೂಡಿಕೊಳ್ಳುವುದು ಬಸಿರು ನಿಂತ ಶುರುವಿನಲ್ಲೇ, ಗ್ರಹಣ ಹಿಡಿಯುವ ಹೊತ್ತಿಗೆ ಆಗಬೇಕಾದದ್ದು ಆಗಿಹೋಗಿತ್ತು, ಯಾರ ತಪ್ಪೂ ಇಲ್ಲ ಅಂದೆ. ಹೂಂ ಅಂದರು, ನಂಬಲಿಲ್ಲ. ಸುಳ್ಳು ಯಾಕೆ ಹೇಳಲಿ, ನನಗೂ ಒಂದೊಂದು ಸಲ ಹಾಗೇ ಇರಬಹುದಾ ಅನ್ನಿಸುತ್ತದೆ.

ಹಬ್ಬ ಕಳೆದ ಮೇಲೆ ಬಾ. ಬಂದಾಗ ಅತ್ತೆಯ ಎದುರಿಗೆ ಗ್ರಹಣದ ಸುದ್ದಿ ಎತ್ತಬೇಡ. ಬೀಗಿತ್ತಿಯರ ಹಳೆ ಮುನಿಸನ್ನು ವಿಜಯಪುರದಲ್ಲೇ ಬಿಟ್ಟು ಬಸ್ಸು ಹತ್ತು. ಅಪ್ಪನಿಗೆ ಈ ಕಾಗದ ಓದಿ ಹೇಳು, ಅವರಿಗೆ ಎಲ್ಲ ಗೊತ್ತಿರಲಿ.

ಇಂತಿ ನಿನ್ನ ಮಗಳು,
ಅರುಣಾ

ವಿ.ಸೂ.: ಇದನ್ನು ಮೇಲೆ ಬರೆಯಲು ಧೈರ್ಯ ಬರಲಿಲ್ಲ. ಹುಟ್ಟಿದ ಮೇಲೆ ಆ ಮಗುವನ್ನು ನೋಡುತ್ತೀಯಾ ಅಂತ ಡಾಕ್ಟರಮ್ಮ ಕೇಳಿದರು. ನಿನ್ನ ಅಳಿಯ ಬೇಡ ಅಂದರು. ನಾನು ಎತ್ತಿಕೊಳ್ಳುತ್ತೇನೆ ಅಂದೆ. ಆವತ್ತು ನೀನು ನನ್ನ ಪಕ್ಕದಲ್ಲಿರಬೇಕು. ಅದಕ್ಕೆ ಉಸಿರಿರುವವರೆಗೂ ನನ್ನ ಕೈಯಿಂದ ಯಾರೂ ಕಿತ್ತುಕೊಳ್ಳದ ಹಾಗೆ ನೋಡಿಕೋ. ನೀನೂ ಕಿತ್ತುಕೊಳ್ಳಬೇಡಮ್ಮ.