ಐದು ಸಲ ತೂರಿಸಿದ ಹೆಣಿಗೆ

ಮಾಂಡವಿ ಬಂದರು
ಆಶ್ವಿನ ಶುದ್ಧ ಪಂಚಮಿ, 1936

ಚಿರಂಜೀವಿ ವಾಲಜಿಗೆ,

ಕರಾಚಿಯಿಂದ ನೀನು ಬರೆದದ್ದು ತಲುಪಿತು. ಅಲ್ಲಿಯ ನೀರು ಹೊಟ್ಟೆಗೆ ಒಗ್ಗಿತೇ? ಕೆಮ್ಮು ಇಳಿಯಿತೇ? ಗಾಳಿ ಚೆನ್ನಾಗಿದೆಯೆಂದು ಹಾಯಿಕಂಬದ ಬುಡದಲ್ಲೇ ಮಲಗುತ್ತೀಯಂತೆ, ಇರಲಿ. ಈ ಪತ್ರವನ್ನು ಮಾತ್ರ ಒಬ್ಬನೇ ಓದಿಕೋ. ನಿಮ್ಮ ಹಡಗು ನಡೆಸುವ ತಾಂಡೇಲ ರತನಸಿಯ ಕಿವಿಗೆ ಬೀಳಿಸಬೇಡ. ಅವನು ನನ್ನ ಮೇಲೆ ಇಟ್ಟಿರುವ ಗೌರವ ಈ ಮನೆಯಲ್ಲಿ ಉಳಿದಿರುವ ಒಂದೇ ಆಸ್ತಿ.

ಮನೆಯ ಸುದ್ದಿಯೆಂದರೆ, ಉಯ್ಯಾಲೆ ಬಿತ್ತು. ಬರೀ ಉಯ್ಯಾಲೆ ಬಿದ್ದಿದ್ದರೆ ಕಾಗದ ದಂಡ ಮಾಡುತ್ತಿರಲಿಲ್ಲ. ಅದರ ಮೇಲೆ ನಿನ್ನ ಅಮ್ಮ ಕೂತಿದ್ದಳು. ಸೊಂಟದ ಮೂಳೆ ಮುರಿದಿದೆ. ಮೂಳೆ ಕಟ್ಟುವ ಜುಸಬ್ ಬಂದು ನೋಡಿ, ಇನ್ನು ನಡೆಯುವುದು ಅನುಮಾನ ಅಂದ. ಆ ನೋವಿನಲ್ಲೂ ಅವಳು ನನ್ನನ್ನು ಬಿಡಲಿಲ್ಲ. “ಊರ ಹಡಗಿಗೆಲ್ಲ ಹಗ್ಗ ಹೆಣೆದ ಮಹಾರಾಯ್ರೇ, ಹೆಂಡ್ತಿ ಉಯ್ಯಾಲೆಗೆ ಕೈ ಸೋತುಬಿಡ್ತೇನ್ರೀ?” ಇಲಿ ಕಡಿದಿರಬೇಕು ಅಂದೆ. “ಹೌದೌದು, ಅರವತ್ತೈದು ವರ್ಷದ ಇಲಿ, ಬಿಳಿ ಮೀಸೆ ಬೇರೆ” ಅಂದಳು.

ನೀವು ಹೊರಡುವ ಹಿಂದಿನ ದಿನ ಕಿನಾರೆಯಲ್ಲಿ ನಾನು ನಡೆಸಿದ ದರ್ಬಾರು ನೆನಪಿದೆಯಲ್ಲ? ಕೈಯಲ್ಲಿ ಹಗ್ಗದ ಎಳೆ ಸಡಿಲಿಸುವ ಜಿಂಕೆಕೊಂಬಿನ ಮೊನೆ, ಮಗ್ಗುಲಲ್ಲಿ ಹೆಣಿಗೆಯ ಮೇಲೆ ನೂಲು ಬಿಗಿದು ಸುತ್ತುವ ಮರದ ಕೊಡತಿ. ಕಣ್ಣು ಮುಚ್ಚಿಕೊಂಡೇ ಹೆಣೆಯುತ್ತೇನೆಂದು ಜಂಬ ಕೊಚ್ಚಿದೆ. ಮುಚ್ಚಿಕೊಂಡೆ ಕೂಡ. “ಕಾಕಾ, ನಿಮ್ ಹೆಣಿಗೆ ಬಿಚ್ಚಿ ನೋಡೋನು ಇನ್ನೂ ಹುಟ್ಟಿಲ್ಲ” ಅಂದ ರತನಸಿ. ಕಳೆದ ಚಳಿಗಾಲದಿಂದ ಬಲಗೈಯ ಎರಡು ಬೆರಳಿಗೆ ಸ್ಪರ್ಶವೇ ತಿಳಿಯುತ್ತಿಲ್ಲವೆಂದು ಅಂಥ ಸಭೆಯಲ್ಲಿ ಯಾರಾದರೂ ಹೇಳಿಕೊಳ್ಳುತ್ತಾರೆಯೇ? ಹೆಣಿಗೆ ಭಾರ ತಡೆಯಬೇಕಾದರೆ ಒಂದೊಂದು ಎಳೆಯೂ ಹಗ್ಗದೊಳಗೆ ಐದು ಸಲ ತೂರಬೇಕು; ಎಷ್ಟು ಸಲ ತೂರಿತೆಂದು ಬೆರಳೇ ಹೇಳಬೇಕು. ಐದು ಅಂದವು, ನಂಬಿದೆ. ಮಿಕ್ಕ ಹಗ್ಗವನ್ನು ಅಂದೇ ಸಂಜೆ ಉಯ್ಯಾಲೆಗೆ ಹೆಣೆದೆ.

ಕಡಲ ದೇವರು ದರಿಯಾಲಾಲ ನಿನ್ನ ತಲೆ ಕಾಯಲಿ. ಜೊತೆಯವರಿಗೆಲ್ಲ ರಾಮ್ ರಾಮ್.

ನಿನ್ನ ಅಪ್ಪ,
ಕಾನಜಿ

ಮರೆತಿದ್ದೆ: ನಿನ್ನೆ ಉಯ್ಯಾಲೆಯ ಹಗ್ಗಕ್ಕೆ ಸುತ್ತಿದ್ದ ನೂಲು ಬಿಚ್ಚಿ ನೋಡಿದೆ. ಎಳೆ ತೂರಿದ್ದು ಐದು ಸಲವಲ್ಲ, ಎರಡೇ ಸಲ. ನಿಮ್ಮ ದೊಡ್ಡ ಹಾಯಿಯ ಅಡ್ಡಮರ ಎತ್ತುವ ಹಗ್ಗವನ್ನೂ ಅದೇ ದಿನ ಇದೇ ಬೆರಳುಗಳು ಹೆಣೆದವು. ನೂಲಿನ ಕೆಳಗಿನ ತಪ್ಪು ಯಾರಿಗೂ ಕಾಣದು. ಕರಾಚಿಯವರೆಗೆ ತೆಳುಗಾಳಿ, ತಡೆಯಿತು. ಇನ್ನು ನೀವು ಹಿಡಿಯುವ ಆಫ್ರಿಕದ ದಾರಿಯ ಬಿರುಗಾಳಿಗೆ ತಡೆಯದು, ಮಗಾ; ಆ ಮರದ ನೇರ ಕೆಳಗೆ ನೀನು ಮಲಗುತ್ತೀಯ. ಹಾಯಿ ಏರಿಸುವ ಮೊದಲು ಕತ್ತರಿಸಿ ಹೊಸದಾಗಿ ಹೆಣೆ. ನನ್ನ ಹೆಣಿಗೆಗೆ ಚಾಕು ಹಾಕಲು ರತನಸಿ ಸುಮ್ಮನೆ ಬಿಡುವವನಲ್ಲ. ಆದ್ದರಿಂದ ಒಬ್ಬನೇ ಓದಿಕೋ ಎಂದು ಮೇಲೆ ಹೇಳಿದ್ದನ್ನು ಬಿಟ್ಟುಬಿಡು, ಇದನ್ನು ಎಲ್ಲರೆದುರು ಗಟ್ಟಿಯಾಗಿ ಓದು. ಆಗಲೂ ನಂಬದಿದ್ದರೆ ಕೊಂಬಿನ ಮೊನೆಯನ್ನು ಅವನ ಕೈಗೆ ಕೊಡು; ಪತ್ರದ ಜೊತೆಗೇ ಕಳಿಸಿದ್ದೇನೆ. ಕೈಯಲ್ಲಿ ಜೀವವಿರುವವನು ಅದನ್ನು ಬಿಟ್ಟುಕೊಡುವುದಿಲ್ಲವೆಂದು ಅವನಿಗೆ ಗೊತ್ತು.